ನಾಲ್ಕು ಹಾರ್ಡ್‌ಡಿಸ್ಕ್ ಸೇರಿಸಿ ಒಂದೇ ಮಾಡಬಹುದೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಮದುವೆ ಫೋಟೋಗ್ರಾಫರ್. ಹತ್ತು ವರ್ಷದ ಫೋಟೋ, ವಿಡಿಯೋ ಎಲ್ಲ ಸೇರಿ ಸುಮಾರು 6 ಟಿಬಿ ಇದೆ. 4 ಟಿಬಿಯ ಎರಡು, 2 ಟಿಬಿಯ ಒಂದು ಡಿಸ್ಕ್‌ನಲ್ಲಿ ಹಂಚಿಹೋಗಿದೆ. ಯಾವ ಮದುವೆ ಯಾವುದರಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ಈಗ 8 ಟಿಬಿಯದ್ದು ಹೊಸದಾಗಿ ತಂದಿದ್ದೇನೆ. ನಾಲ್ಕನ್ನೂ ಒಂದೇ ಡ್ರೈವ್ ಥರ ಮಾಡಿ, ಒಂದು ಕೆಟ್ಟರೂ ಡೇಟಾ ಉಳಿಯುವ ಹಾಗೆ ಪ್ಯಾರಿಟಿ ಹಾಕಬೇಕು ಅಂತಿದ್ದೇನೆ. ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ ಸಾಕಾ, ರೈಡ್ 5 ಬೇಕಾ? ಪ್ಯಾರಿಟಿ ಇದ್ದರೆ ಬೇರೆ ಬ್ಯಾಕಪ್ ಬೇಡ ಅಲ್ಲವಾ ಸರ್?

ಉತ್ತರ: ಬ್ಯಾಕಪ್ ಬೇಕು. ಉಳಿದ ಉತ್ತರವೆಲ್ಲ ಇದರ ಮೇಲೇ ನಿಂತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ 6 ಟಿಬಿಗೆ ಈಗ ಎರಡನೇ ಪ್ರತಿಯೇ ಇಲ್ಲ. ಕೈಯಲ್ಲಿ 8 ಟಿಬಿಯ ಖಾಲಿ ಡಿಸ್ಕ್ ಇದೆ. ಅದನ್ನು ಪ್ಯಾರಿಟಿಗೆ ಕೊಡಬೇಡಿ. ಇವತ್ತೇ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ, ಸ್ಟುಡಿಯೋದಲ್ಲಿ ಇಡದೆ ಮನೆಯಲ್ಲೋ ನೆಂಟರ ಮನೆಯಲ್ಲೋ ಇಡಿ. ಪ್ಯಾರಿಟಿಗೆ ಇನ್ನೊಂದು 8 ಟಿಬಿ ಕೊಳ್ಳುವವರೆಗೆ ಕಾಯಬಹುದು. ಬ್ಯಾಕಪ್ ಕಾಯಬಾರದು.

ಪ್ಯಾರಿಟಿ ಎಂದರೆ ಸಮ-ಬೆಸದ ಲೆಕ್ಕ, ಅಷ್ಟೇ. ಮೂರು ಡಿಸ್ಕ್‌ಗಳ ಒಂದೇ ಜಾಗದಲ್ಲಿ 1, 0, 0 ಇದೆ ಅಂದುಕೊಳ್ಳಿ. ಒಂದುಗಳ ಸಂಖ್ಯೆ ಬೆಸ. ಅದನ್ನು ಸಮ ಮಾಡಲು ಪ್ಯಾರಿಟಿ ಡಿಸ್ಕ್‌ನಲ್ಲಿ 1 ಬರೆಯುತ್ತಾರೆ. ನಾಳೆ ಎರಡನೇ ಡಿಸ್ಕ್ ಕೆಟ್ಟರೆ ಉಳಿದದ್ದು 1, 0 ಮತ್ತು ಪ್ಯಾರಿಟಿಯ 1. ಒಂದುಗಳು ಆಗಲೇ ಸಮ ಇರುವುದರಿಂದ ಕಳೆದುಹೋದದ್ದು 0 ಎಂದು ಗೊತ್ತಾಗುತ್ತದೆ. ಇದೇ ಲೆಕ್ಕ ಲಕ್ಷ ಕೋಟಿ ಸಲ ನಡೆದರೆ ಇಡೀ ಡಿಸ್ಕ್ ಮರಳಿ ಬರುತ್ತದೆ. ಆದರೆ ಪ್ಯಾರಿಟಿಯೊಳಗೆ ನಿಮ್ಮ ಫೋಟೋ ಒಂದೂ ಇಲ್ಲ. ಉಳಿದ ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಸಿಡಿಲು ಬಡಿದು ಇಡೀ ಸಿಸ್ಟಮ್ ಸುಟ್ಟರೆ, ಕಳ್ಳ ಕ್ಯಾಬಿನೆಟ್ಟನ್ನೇ ಹೊತ್ತೊಯ್ದರೆ ಪ್ಯಾರಿಟಿಯೂ ಜೊತೆಗೇ ಹೋಗುತ್ತದೆ.

ಇನ್ನು ರೈಡ್ 5, ಅಂದರೆ ಡೇಟಾವನ್ನೂ ಪ್ಯಾರಿಟಿಯನ್ನೂ ಎಲ್ಲ ಡಿಸ್ಕ್‌ಗಳಿಗೆ ಹಂಚಿ ಬರೆಯುವ ವಿಧಾನ. ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಇದು ಇತ್ತು, ಒಳ್ಳೆಯ ವಿಧಾನವೇ. ಆದರೆ ಅದು ಎಲ್ಲ ಡಿಸ್ಕ್‌ಗಳನ್ನೂ ಅತಿ ಚಿಕ್ಕದರ ಅಳತೆಗೆ ಇಳಿಸುತ್ತದೆ. 8, 4, 4, 2 ಸೇರಿಸಿದರೆ ಪ್ರತಿಯೊಂದರಿಂದಲೂ 2 ಟಿಬಿ ಮಾತ್ರ ಬಳಕೆಗೆ ಬಂದು, ನಿಮಗೆ ಸಿಗುವುದು 6 ಟಿಬಿ. ಉಳಿದ 10 ಟಿಬಿ ಸುಮ್ಮನೆ ಬಿದ್ದಿರುತ್ತದೆ. ಸ್ಟೋರೇಜ್ ಸ್ಪೇಸಸ್ ಬೇರೆ ಬೇರೆ ಅಳತೆಯನ್ನು ಇದಕ್ಕಿಂತ ಚೆನ್ನಾಗಿ ನಿಭಾಯಿಸುತ್ತದೆ, ಆದರೆ ಪೂಲ್‌ಗೆ (ಒಂದೇ ಡ್ರೈವ್ ಥರ ಮಾಡಿದ ಡಿಸ್ಕ್‌ಗಳ ಗುಂಪಿಗೆ) ಸೇರಿಸುವಾಗ ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸಿಹಾಕುತ್ತದೆ. ಬ್ಯಾಕಪ್ ಇಲ್ಲದೆ ಹಳೆಯ ಡಿಸ್ಕ್‌ಗಳನ್ನು ಅದಕ್ಕೆ ಕೊಟ್ಟಿದ್ದರೆ ಹತ್ತು ವರ್ಷದ ದುಡಿಮೆ ಹೋಗುತ್ತಿತ್ತು. ಕೇಳಿ ಒಳ್ಳೆಯದು ಮಾಡಿದಿರಿ.

ನಿಮ್ಮ ಕೆಲಸಕ್ಕೆ ನಾನು ಹೇಳುವುದು ಸ್ನ್ಯಾಪ್‌ರೈಡ್ ಮತ್ತು ಮರ್ಜರ್‌ಎಫ್‌ಎಸ್ ಜೋಡಿ. ಎರಡೂ ಉಚಿತ. ಹಳೆಯ ಪಿಸಿಯೊಂದಕ್ಕೆ ಓಪನ್‌ಮೀಡಿಯಾವಾಲ್ಟ್ ಎಂಬ ಲಿನಕ್ಸ್ ಹಾಕಿದರೆ ಇವೆರಡಕ್ಕೂ ಪ್ಲಗಿನ್ ಸಿಗುತ್ತದೆ. ನಿಮ್ಮ ವಿಂಡೋಸ್ ಸಿಸ್ಟಮ್‌ಗೆ ಅದು ನೆಟ್‌ವರ್ಕ್ ಡ್ರೈವ್ ಆಗಿ ಕಾಣುತ್ತದೆ. ಮರ್ಜರ್‌ಎಫ್‌ಎಸ್ ಡಿಸ್ಕ್‌ಗಳನ್ನು ಒಂದೇ ಫೋಲ್ಡರ್ ಆಗಿ ತೋರಿಸುತ್ತದೆ, ಸ್ನ್ಯಾಪ್‌ರೈಡ್ ಪ್ಯಾರಿಟಿ ನೋಡಿಕೊಳ್ಳುತ್ತದೆ. ಈಗಿರುವ ಫೋಟೋಗಳನ್ನು ಅಳಿಸಬೇಕಿಲ್ಲ, ಫಾರ್ಮ್ಯಾಟ್ ಬೇಕಿಲ್ಲ. ಒಂದು ಡಿಸ್ಕ್ ಬಿಚ್ಚಿ ಬೇರೆ ಸಿಸ್ಟಮ್‌ಗೆ ಹಾಕಿದರೂ ಅದರೊಳಗಿನ ಫೈಲ್‌ಗಳು ಇದ್ದ ಹಾಗೇ ತೆರೆಯುತ್ತವೆ. ಪ್ಯಾರಿಟಿಯ ಲೆಕ್ಕ ಮೀರಿ ಎರಡು ಡಿಸ್ಕ್ ಒಟ್ಟಿಗೆ ಹೋದರೂ ಉಳಿದದ್ದರಲ್ಲಿನ ಮದುವೆಗಳು ಉಳಿಯುತ್ತವೆ. ರೈಡ್ 5ರಲ್ಲಾದರೆ ಎಲ್ಲವೂ ಹೋಗುತ್ತದೆ.

ಒಂದು ನಿಯಮ: ಪ್ಯಾರಿಟಿ ಡಿಸ್ಕ್ ಡೇಟಾ ಡಿಸ್ಕ್‌ಗಳಲ್ಲಿ ಅತಿ ದೊಡ್ಡದಕ್ಕಿಂತ ಚಿಕ್ಕದಿರಬಾರದು. ಅದಕ್ಕೇ ಎರಡನೇ ಡಿಸ್ಕನ್ನೂ 8 ಟಿಬಿಯದ್ದೇ ತನ್ನಿ ಎಂದದ್ದು. ಆಗ 4, 4, 2 ಸೇರಿ 10 ಟಿಬಿಯ ಪೂಲ್ ಆಗುತ್ತದೆ, ಮುಂದೆ 2 ಟಿಬಿಯದ್ದನ್ನು ತೆಗೆದು 8 ಹಾಕಿದರೂ ಅದೇ ಪ್ಯಾರಿಟಿ ನಡೆಯುತ್ತದೆ.

ಇದರ ಒಂದು ದೌರ್ಬಲ್ಯವನ್ನು ಮಾತ್ರ ಚೆನ್ನಾಗಿ ತಿಳಿದುಕೊಳ್ಳಬೇಕು. ಸ್ನ್ಯಾಪ್‌ರೈಡ್ ಬರೆದ ತಕ್ಷಣ ಪ್ಯಾರಿಟಿ ಮಾಡುವುದಿಲ್ಲ. ನೀವು ಸಿಂಕ್ ಎಂಬ ಆಜ್ಞೆ ಕೊಟ್ಟಾಗ ಮಾತ್ರ ಲೆಕ್ಕ ಹಾಕುತ್ತದೆ. ಭಾನುವಾರದ ಮುಹೂರ್ತದ ಫೋಟೋಗಳನ್ನು ರಾತ್ರಿ ಹಾಕಿದಿರಿ, ಸಿಂಕ್ ಆಗಲಿಲ್ಲ, ಬೆಳಿಗ್ಗೆ ಆ ಡಿಸ್ಕ್ ಕೆಟ್ಟಿತು ಎಂದರೆ ಅವು ಬರುವುದಿಲ್ಲ. ಆದ್ದರಿಂದ ಸಿಂಕ್ ಮುಗಿದು, ಬ್ಯಾಕಪ್‌ಗೂ ಹೋಗುವವರೆಗೆ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಲೇಬೇಡಿ. ತಾಳಿ ಕಟ್ಟುವ ಕ್ಷಣವನ್ನು ಎರಡನೇ ಸಲ ತೆಗೆಯಲು ಬರುವುದಿಲ್ಲ.

ಅಳಿಸುವುದರಲ್ಲಿ ಅಪಾಯ ಇನ್ನೂ ಒಳಗಿದೆ. ಮೊದಲ ಡಿಸ್ಕ್‌ನಿಂದ 200 ಜಿಬಿ ಅಳಿಸಿದಿರಿ. ಪ್ಯಾರಿಟಿಯ ಲೆಕ್ಕದಲ್ಲಿ ಆ 200 ಜಿಬಿ ಇನ್ನೂ ಸೇರಿಕೊಂಡೇ ಇದೆ. ಸಿಂಕ್ ಆಗುವ ಮೊದಲೇ ಎರಡನೇ ಡಿಸ್ಕ್ ಕೆಟ್ಟರೆ, ಆ ಭಾಗಕ್ಕೆ ಲೆಕ್ಕ ಕೂಡಿಸಲು ಮೊದಲನೆಯದರಲ್ಲಿ ಏನೂ ಉಳಿದಿಲ್ಲ. ನೀವು ಮುಟ್ಟದೇ ಇದ್ದ ಎರಡನೇ ಡಿಸ್ಕ್‌ನ ಫೈಲ್‌ಗಳು ಹಾಳಾಗುತ್ತವೆ. ಅಳಿಸಿದರೆ ಆಗಲೇ ಸಿಂಕ್ ಮಾಡಿ. ಎಡಿಟಿಂಗ್ ಅನ್ನು ಬೇರೆ ಎಸ್‌ಎಸ್‌ಡಿಯಲ್ಲಿ ಮಾಡಿ, ಮುಗಿದ ಕೆಲಸವನ್ನಷ್ಟೇ ಪೂಲ್‌ಗೆ ತಳ್ಳಿ. ಇದರ ಇನ್ನೊಂದು ಮಗ್ಗುಲೂ ಇದೆ: ಕೈತಪ್ಪಿ ಅಳಿಸಿದ್ದನ್ನು ಮುಂದಿನ ಸಿಂಕ್‌ಗೆ ಮೊದಲು ಮರಳಿ ತರಬಹುದು. ಹಾಗಾಗಿ ದಿನಾ ಸಿಂಕ್ ತಾನಾಗಿಯೇ ಓಡುವಂತೆ ಇಟ್ಟರೆ, ಇಂತಿಷ್ಟಕ್ಕಿಂತ ಹೆಚ್ಚು ಫೈಲ್ ಅಳಿದಿದ್ದರೆ ನಿಲ್ಲುವ ಸ್ಕ್ರಿಪ್ಟನ್ನೇ ಬಳಸಿ.

ವಾರಕ್ಕೊಮ್ಮೆ ಸ್ಕ್ರಬ್ ಓಡಿಸಿ. ಅದು ಒಂದು ಸಲಕ್ಕೆ ಶೇ 8ರಷ್ಟು ಭಾಗವನ್ನು ಓದಿ ಪರೀಕ್ಷಿಸುತ್ತದೆ, ಮೂರು ತಿಂಗಳಲ್ಲಿ ಒಂದು ಸುತ್ತು ಬರುತ್ತದೆ. ಮರ್ಜರ್‌ಎಫ್‌ಎಸ್‌ನಲ್ಲಿ ಫೋಲ್ಡರ್ ಇರುವ ಡಿಸ್ಕ್‌ಗೇ ಹೊಸ ಫೈಲ್ ಹೋಗುವ ಆಯ್ಕೆ ಇಟ್ಟುಕೊಳ್ಳಿ, ಒಂದು ಮದುವೆ ಚೆಲ್ಲಾಪಿಲ್ಲಿ ಆಗುವುದಿಲ್ಲ. ಆದರೆ ‘2026’ ಎಂಬ ಫೋಲ್ಡರ್ ಅನ್ನು ಮೂರೂ ಡಿಸ್ಕ್‌ನಲ್ಲಿ ಮೊದಲೇ ಮಾಡಿಡಿ. ಇಲ್ಲದಿದ್ದರೆ ವರ್ಷವಿಡೀ ಒಂದೇ ಡಿಸ್ಕ್ ತುಂಬುತ್ತದೆ.

ಡಿಸ್ಕ್‌ಗಳನ್ನು ಯುಎಸ್‌ಬಿಯಲ್ಲಿ ನೇತುಹಾಕದೆ ಕ್ಯಾಬಿನೆಟ್ ಒಳಗೆ ಸಾಟಾ ಕೇಬಲ್‌ಗೆ ಕೊಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋಗುವುದು ನಿಮಗೇ ಗೊತ್ತು, ಯುಪಿಎಸ್ ಇರಲಿ. ಪ್ರತಿ ಡಿಸ್ಕ್‌ನ ಅಂಚಿನಲ್ಲಿ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಮಾರ್ಕರ್‌ನಿಂದ ಬರೆಯಿರಿ. ಒಂದೇ ಥರದ ಎರಡು 4 ಟಿಬಿ ಇರುವಾಗ, ಗಾಬರಿಯಲ್ಲಿ ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವುದನ್ನು ಕಿತ್ತವರನ್ನು ನಾನು ನೋಡಿದ್ದೇನೆ.

ಎಲ್ಲ ಮುಗಿದ ಮೇಲೆ ಬೇಡದ ಹತ್ತು ಫೋಟೋ ಹಾಕಿ ಸಿಂಕ್ ಮಾಡಿ, ಅವನ್ನು ಅಳಿಸಿ, ಫಿಕ್ಸ್ ಆಜ್ಞೆಯಿಂದ ಮರಳಿ ತಂದು ಒಂದೊಂದನ್ನೂ ತೆರೆದು ನೋಡಿ. ನಿಜವಾಗಿ ಡಿಸ್ಕ್ ಕೆಟ್ಟ ದಿನ ಇದೇ ಆಜ್ಞೆ 4 ಟಿಬಿಗೆ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಸುಮಾರು 11 ಗಂಟೆ ಓಡುತ್ತದೆ. ಆ 11 ಗಂಟೆ ನಿಮಗೆ ನಿದ್ದೆ ಬರಬೇಕಾದರೆ ನೆಂಟರ ಮನೆಯಲ್ಲಿ ಆ ಮೊದಲ 8 ಟಿಬಿ ಇರಬೇಕು.