ಸ್ಲ್ಯಾಬ್ ಹಾಕುವ ಹೊತ್ತಿಗೇ ದುಡ್ಡು ಖಾಲಿ

ದೀಪಾವಳಿ ಮುಗಿಯಿತೆಂದರೆ ಗುದ್ದಲಿ ಪೂಜೆಗಳು ಶುರು, ಜೊತೆಗೆ "ಸ್ಕ್ವೇರ್ ಫೂಟಿಗೆ ಎಷ್ಟು ಹಿಡೀಬೇಕು ಸರ್?" ಎಂಬ ಪ್ರಶ್ನೆಯೂ ಶುರು. ಜಾಗ ನೋಡದೆ, ನಕ್ಷೆ ನೋಡದೆ ಫೋನಿನಲ್ಲೇ ರೇಟ್ ಹೇಳುವವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನೇ ಕೇಳಿ. ಆ ದುಡ್ಡನ್ನು ಯಾವಾಗ, ಎಷ್ಟೆಷ್ಟು ಕೊಡಬೇಕು ಎಂದು ಕೇಳುವವರು ಅಪರೂಪ. ಈ ಸಲ ಒಬ್ಬರು ಕೇಳಿದ್ದಾರೆ. ಹೆಚ್ಚಿನ ಜಾಗ ಅವರಿಗೇ.

ಪ್ರಶ್ನೆ: ಉಣಕಲ್ ಹತ್ತಿರ ನಮ್ಮದು 40x60 ಸೈಟು. 1,200 ಚದರಡಿಯ ಒಂದೇ ಅಂತಸ್ತಿನ ಮನೆಗೆ ಕಾಂಟ್ರ್ಯಾಕ್ಟರ್ ಮಟೀರಿಯಲ್ ಸಮೇತ 24 ಲಕ್ಷ ಹೇಳಿದ್ದಾರೆ. ಕರಾರಿನ ದಿನ ಶೇ 25, ಪ್ಲಿಂತ್‌ಗೆ (ಪಾಯಾ ನೆಲಮಟ್ಟಕ್ಕೆ ಬಂದಾಗ) 25, ಸ್ಲ್ಯಾಬ್‌ಗೆ 30, ಗಿಲಾವಕ್ಕೆ (ಪ್ಲಾಸ್ಟರಿಂಗ್) 15, ಕೀಲಿ ಕೊಡುವಾಗ 5. "ಎಲ್ಲಾರೂ ಹಿಂಗ ಕೊಡ್ತಾರ್ರೀ" ಅನ್ನುತ್ತಾರೆ. ಒಪ್ಪಿಕೊಳ್ಳಲೇ? ಇಲ್ಲ, ಬರೀ ಲೇಬರ್ ಕಾಂಟ್ರ್ಯಾಕ್ಟ್ ಕೊಡಲೇ?

ಒಪ್ಪಬೇಡಿ. ಎಲ್ಲರೂ ಹೀಗೇ ಕೊಡುತ್ತಾರೆ ಎಂಬುದು ನಿಜ. ಅರ್ಧಕ್ಕೆ ನಿಂತ ಮನೆಗಳು ಊರ ತುಂಬ ಇರುವುದಕ್ಕೆ ಅದೂ ಒಂದು ಕಾರಣ.

ಲೆಕ್ಕ ಹಾಕಿ ನೋಡಿ. 25, 25, 30 ಕೂಡಿಸಿದರೆ 80. ಅಂದರೆ ಸ್ಲ್ಯಾಬ್ ಹಾಕುವ ಹೊತ್ತಿಗೆ ನಿಮ್ಮ ಕೈಯಿಂದ 19 ಲಕ್ಷದ 20 ಸಾವಿರ ಹೋಗಿರುತ್ತದೆ. ಪಾಯಾ, ಕಾಲಮ್ಮು, ಸ್ಲ್ಯಾಬ್ ಎಲ್ಲ ಸೇರಿ ಆಗಿರುವ ಕೆಲಸದ ಬೆಲೆ ಹೆಚ್ಚೆಂದರೆ ಅರ್ಧ, 12 ಲಕ್ಷ. ಮಿಕ್ಕ ಏಳು ಲಕ್ಷ ಎಲ್ಲಿದೆ? ಬಹಳ ಸಲ ಅದು ಇನ್ನೊಬ್ಬರ ಮನೆಯ ಟೈಲ್ಸ್ ಆಗಿರುತ್ತದೆ. ಹಿಂದಿನ ಗಿರಾಕಿಯ ಮನೆ ನಿಮ್ಮ ದುಡ್ಡಲ್ಲಿ ಮುಗಿಯುತ್ತದೆ, ನಿಮ್ಮದು ಮುಗಿಯಲು ಮುಂದಿನ ಗಿರಾಕಿ ಸಿಗಬೇಕು. ಗೋಡೆ, ಗಿಲಾವ, ಪೈಪು, ವೈರಿಂಗ್, ಫರಸಿ, ಬಾಗಿಲು, ಬಣ್ಣ ಎಲ್ಲ ಇನ್ನೂ ಬಾಕಿ. ಅಷ್ಟೂ ಕೆಲಸಕ್ಕೆ ಅವರಿಗೆ ಬರಬೇಕಾಗಿರುವುದು ಬರೀ 4 ಲಕ್ಷದ 80 ಸಾವಿರ. ಯಾರಿಗಾದರೂ ಹುರುಪು ಇರುತ್ತದೆಯೇ? ಫೋನ್ ಎತ್ತುವುದು ನಿಲ್ಲುವುದು ಆಗಲೇ.

ನಾನಾದರೆ ಕರಾರಿಗೆ ಶೇ 5ರ ಮೇಲೆ ಒಂದು ರೂಪಾಯಿ ಕೊಡುವುದಿಲ್ಲ. ಪ್ಲಿಂತ್ ಬೀಮ್ ಮುಗಿದ ಮೇಲೆ 15, ಸ್ಲ್ಯಾಬಿಗೆ 25, ಗೋಡೆಗೆ 10, ಗಿಲಾವಕ್ಕೆ 15, ಪೈಪು-ವೈರಿಂಗ್-ಫರಸಿಗೆ 15, ಬಾಗಿಲು-ಬಣ್ಣಕ್ಕೆ 10. ಉಳಿದ 5 ಒಂದು ಮಳೆಗಾಲ ಕಳೆಯುವ ತನಕ ನಿಮ್ಮ ಹತ್ತಿರವೇ ಇರಲಿ. ಧಾರವಾಡದ ಜಿಟಿಜಿಟಿ ಮಳೆ ಎರಡು ವಾರ ಹಿಡಿದರೆ ಸ್ಲ್ಯಾಬು ಸೋರುತ್ತದೋ ಇಲ್ಲವೋ ಅದೇ ಹೇಳುತ್ತದೆ, ನನ್ನಂಥ ಎಂಜಿನಿಯರ್ ಬೇಕಾಗಿಲ್ಲ. ಕರಾರಿನಲ್ಲಿ "ಸ್ಲ್ಯಾಬ್ ಹಂತ" ಎಂದು ಬರೆಸಬೇಡಿ. ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆಯ ಹಲಗೆ) ಹೊಡೆದ ದಿನವೇ ಹಂತ ಬಂತು ಎಂದು ಕೈ ಚಾಚುತ್ತಾರೆ. "ಕಾಂಕ್ರೀಟ್ ಹಾಕಿದ ಮೇಲೆ ಅರ್ಧ, ನೀರು ಉಣಿಸಿ ಸೆಂಟ್ರಿಂಗ್ ಬಿಚ್ಚಿದ ಮೇಲೆ ಇನ್ನರ್ಧ" ಎಂದೇ ಬರೆಸಿ. ಈಗ ಜಾಸ್ತಿ ಬಳಸುವುದು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು. ಅದಕ್ಕೆ ಕಡಿಮೆಯೆಂದರೂ 10 ದಿನ ನೀರು ಬೇಕು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ಅರ್ಧ ದುಡ್ಡು ನಿಮ್ಮಲ್ಲಿದ್ದರೆ ಆ ನೀರು ತಾನಾಗಿಯೇ ಬೀಳುತ್ತದೆ.

ಸ್ಲ್ಯಾಬಿನ ದಿನದ ನಾಟಕವೂ ಗೊತ್ತಿರಲಿ. ಬೆಳಿಗ್ಗೆ ಮಿಕ್ಸರ್ ಬಂದಿರುತ್ತದೆ, ಆಳುಗಳು ಬುಟ್ಟಿ ಹಿಡಿದು ನಿಂತಿರುತ್ತಾರೆ, ಉಸುಕು-ಖಡಿ ಗುಡ್ಡೆ ಬಿದ್ದಿರುತ್ತದೆ. ಆಗ "ಸಾಹೇಬ್ರ, ಇನ್ನ ಐವತ್ತ ಸಾವಿರ ಬೇಕ್ರಿ, ಇಲ್ಲಾಂದ್ರ ಮಷಿನ್ ವಾಪಸ್ ಹೋಗತೈತಿ" ಎಂಬ ಮಾತು ಬರುತ್ತದೆ. ಹೋಗಲಿ ಬಿಡಿ. ಬಾಡಿಗೆ ಅವರದು. ನಾಳೆ ಮತ್ತೆ ಬರುತ್ತದೆ.

ಇದಕ್ಕಿಂತ ದೊಡ್ಡ ಜಗಳ ಪಾಯಾದ್ದು. ಧಾರವಾಡದ ಗುಡ್ಡದ ಕಡೆ ನಾಲ್ಕಡಿಗೇ ಗಟ್ಟಿ ಮುರುಮು ಸಿಗಬಹುದು. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ಗದಗಿನ ಕಡೆ ಹೋದಂತೆ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು, ಮಳೆಗೆ ಉಬ್ಬು. ಅದರ ಮೇಲೆ ಪಾಯಾ ನಿಲ್ಲಿಸಿದರೆ ಗೋಡೆ ಸೀಳುತ್ತದೆ, ಹಾಗಾಗಿ ಗಟ್ಟಿ ನೆಲ ಸಿಗುವ ತನಕ ಇಳಿಯಬೇಕು. ಎಷ್ಟು ಇಳಿಯಬೇಕಾದೀತು ಎಂದು ಅಗೆಯುವ ಮೊದಲು ಯಾರಿಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ಪಾಯಾವನ್ನೂ ಸ್ಕ್ವೇರ್ ಫೂಟ್ ರೇಟಿನಲ್ಲೇ ಕಟ್ಟಿಹಾಕಿದರೆ ಕಾಂಟ್ರ್ಯಾಕ್ಟರ್ ಮುಂದೆ ಎರಡೇ ದಾರಿ: ಆಳ ಕದಿಯುವುದು, ಇಲ್ಲವೇ ಎಕ್ಸ್‌ಟ್ರಾ ಕೇಳುವುದು. ಆದ್ದರಿಂದ ಪ್ಲಿಂತ್‌ವರೆಗೆ ಅಳತೆ ಮೇಲೆ ರೇಟ್ ಇರಲಿ, ಮೇಲಿನದು ಬೇಕಾದರೆ ಸ್ಕ್ವೇರ್ ಫೂಟ್ ಮೇಲೆ. ನಾನು ಮೇಲೆ ಹೇಳಿದ 15 ಬರೀ ಅಂದಾಜು, ಕೊಡುವುದು ಅಳತೆಯ ಲೆಕ್ಕದಂತೆ. ಪ್ರತಿ ಗುಂಡಿಗೂ ಟೇಪು ಬಿಟ್ಟು ಉದ್ದ, ಅಗಲ, ಆಳ ಒಂದು ನೋಟುಬುಕ್ಕಿನಲ್ಲಿ ಬರೆದು, ಇಬ್ಬರೂ ಅಲ್ಲೇ ಸಹಿ ಹಾಕಿ. ಕಾಂಕ್ರೀಟ್ ಬಿದ್ದ ಮೇಲೆ ಗುಂಡಿ ಆರಡಿ ಇತ್ತೋ ನಾಲ್ಕೂವರೆ ಇತ್ತೋ ದೇವರಿಗೂ ಗೊತ್ತಾಗುವುದಿಲ್ಲ.

ಇನ್ನು ಲೇಬರ್ ಕಾಂಟ್ರ್ಯಾಕ್ಟು. ಮನೆಯಲ್ಲಿ ದಿನವಿಡೀ ಸೈಟಿನಲ್ಲಿ ನಿಲ್ಲುವವರು ಒಬ್ಬರಿದ್ದರೆ ಕೊಡಿ. ನೀವು ಒಂಬತ್ತಕ್ಕೆ ಆಫೀಸಿಗೆ ಹೋಗುವವರಾದರೆ ಉಸುಕು ಎಷ್ಟು ಬ್ರಾಸ್ ಇಳಿಯಿತು ಎಂದು ನೋಡುವವರು ಯಾರು? ಸಿಮೆಂಟ್ ಪೋಲಾದರೆ ಗೌಂಡಿಗೇನು ನಷ್ಟ? ಒಂದು ಅನುಕೂಲ ಇದೆ: ಒಂಟಿ ಮನೆಯ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ಇಲ್ಲ. ಮಟೀರಿಯಲ್ ಸಮೇತವಾದರೆ ಶೇ 18 ಬರಬಹುದು. ನಿಮ್ಮ 24 ಲಕ್ಷದಲ್ಲಿ ಅದು ಸೇರಿದೆಯೇ ಎಂದು ಇವತ್ತೇ ಕೇಳಿ, ಉತ್ತರವನ್ನು ಕಾಗದದ ಮೇಲೆ ತಗೊಳ್ಳಿ. ಹಾಗೆಯೇ ಸಂಪು, ಕಾಂಪೌಂಡು, ಮೆಟ್ಟಿಲ ಮೇಲಿನ ಕೋಣೆ ಆ 1,200ರ ಒಳಗೋ ಹೊರಗೋ ಕೇಳಿ.

ಸಾಲ ಮಾಡುತ್ತಿದ್ದರೆ ಬ್ಯಾಂಕಿನ ಕಂತುಗಳನ್ನು ಮೊದಲು ನೋಡಿ, ಕರಾರು ಆಮೇಲೆ. ಬ್ಯಾಂಕು ಆದ ಕೆಲಸ ನೋಡಿ ದುಡ್ಡು ಬಿಡುತ್ತದೆ. ಕಾಂಟ್ರ್ಯಾಕ್ಟರ್ ಆಗದ ಕೆಲಸಕ್ಕೆ ಕೇಳಿದರೆ ನಡುವಿನದ್ದಕ್ಕೆ ಕೈಗಡ ಹುಡುಕಬೇಕಾದವರು ನೀವೇ.

ಇಷ್ಟೆಲ್ಲ ಬಿಗಿ ಮಾಡಿದ ಮೇಲೆ ಒಂದು ಮಾತು. ಕೆಲಸ ಮುಗಿದ ಕಂತನ್ನು ಮೂರು ದಿನದೊಳಗೆ ಕೊಟ್ಟುಬಿಡಿ. ಶನಿವಾರದ ಬಟವಾಡೆ ತಪ್ಪಿದರೆ ಸೋಮವಾರ ಗೌಂಡಿ ಬರುವುದಿಲ್ಲ. ಸುಮ್ನೆ ಸತಾಯಿಸುವ ಮಾಲೀಕರನ್ನೂ ಬೇಕಾದಷ್ಟು ನೋಡಿದ್ದೇನೆ, ಅವರ ಮೇಲೆ ನನಗೇನೂ ಕನಿಕರವಿಲ್ಲ.

ಪ್ರಶ್ನೆ: ಆದ ಖರ್ಚಿನ ಮೇಲೆ ಶೇ 10 ಕೊಡುವ ಪದ್ಧತಿ ಹೇಗೆ?

ನಿಮ್ಮ ಖರ್ಚು ಹೆಚ್ಚಾದಷ್ಟೂ ಅವರ ಗಳಿಕೆ ಹೆಚ್ಚುವ ಪದ್ಧತಿ. ತಮ್ಮನೋ ಅಳಿಯನೋ ಕಾಂಟ್ರ್ಯಾಕ್ಟರ್ ಆಗಿದ್ದರೂ ಬೇಡ.

ಪ್ರಶ್ನೆ: ತಡವಾದರೆ ದಿನಕ್ಕೆ 5,000 ದಂಡ ಎಂದು ಬರೆಸಿದರೆ ಸಾಕಲ್ವಾ?

ವಸೂಲಿ ಮಾಡಿದವರನ್ನು ನಾನು ಕಂಡಿಲ್ಲ.

ಪ್ರಶ್ನೆ: ವಾಸ್ತು ನೋಡುವವರು ಮುಂಗಡ 5,11,111 ಕೊಡಿ ಎಂದಿದ್ದಾರೆ.

ಕೊನೆಯ ಒಂದು ಇರಲಿ, ಮೊದಲಿನ ಐದು ಬೇಡ. ಕಾಂಟ್ರ್ಯಾಕ್ಟರನ್ನು ಪರಿಚಯಿಸಿದ್ದೂ ಅವರೇನಾ, ವಿಚಾರಿಸಿ.

ಪ್ರಶ್ನೆ: ನಗದು ಕೊಟ್ಟರೆ ಒಂದು ಲಕ್ಷ ಬಿಡುತ್ತಾರಂತೆ.

2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದೇ ಕಾನೂನಿಗೆ ವಿರುದ್ಧ. ನಾಳೆ ಜಗಳವಾದರೆ ಕೊಟ್ಟಿದ್ದಕ್ಕೆ ಸಾಕ್ಷಿಯೂ ಇಲ್ಲ.

ಪ್ರಶ್ನೆ: ಗಿಲಾವದ ನಡುವೆ ಕಾಂಟ್ರ್ಯಾಕ್ಟರ್ ಬಿಟ್ಟು ಹೋಗಿದ್ದಾರೆ. ರೇರಾಗೆ ದೂರು ಕೊಡಲೇ?

ರೇರಾ ನೋಡುವುದು ಬಿಲ್ಡರ್‌ಗಳ ಪ್ರಾಜೆಕ್ಟುಗಳನ್ನು, ನಿಮ್ಮ ಸೈಟಿನಲ್ಲಿ ನಿಮಗಾಗಿ ಕಟ್ಟಿಸುವ ಮನೆಗೆ ಅದು ಇಲ್ಲ. ಧಾರವಾಡ ಜಿಲ್ಲಾ ಗ್ರಾಹಕರ ಆಯೋಗ ಇದೆ, ಎರಡು ವರ್ಷದೊಳಗೆ ಹೋಗಬೇಕು. ಆದರೆ ಹೊಸ ಗೌಂಡಿಯನ್ನು ನಾಳೆಯೇ ಕರೆಸಬೇಡಿ. ಮೊದಲು ಹಳಬರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ ದಿನ ಗೊತ್ತು ಮಾಡಿ. ಅವರು ಬರಲಿ ಬಿಡಲಿ, ಆ ದಿನ ಒಬ್ಬ ಎಂಜಿನಿಯರ್ ಕೈಲಿ ಆದ ಕೆಲಸದ ಅಳತೆ ಮಾಡಿಸಿ, ಕೋಣೆ ಕೋಣೆಯ ಫೋಟೋ ತೆಗೆಸಿ. ಹೊಸ ಗಿಲಾವ ಬಿದ್ದ ಮೇಲೆ ಯಾರು ಎಷ್ಟು ಮಾಡಿದ್ದರು ಎಂದು ಆಯೋಗಕ್ಕೆ ತೋರಿಸಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ.