ಆ ಅಲೆಯ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿಲ್ಲ

ಪ್ರಶ್ನೆ: ನನಗೆ 38 ವರ್ಷ. ಪ್ರತಿ ವಸಂತದಲ್ಲಿ ಮಕ್ಕಳಿಗೆ ರಜೆ ಬಂದಾಗ ನಾವು, ಮೈದುನನ ಕುಟುಂಬ ಹಾಗೂ ಅತ್ತೆಯವರು ಸೇರಿ ಐದು ದಿನ ಸಮುದ್ರ ತೀರದಲ್ಲಿ ಕಳೆಯುತ್ತೇವೆ. ಕಳೆದ ವರ್ಷ ಮಗಳು (ಈಗ 8 ವರ್ಷ) ಮೊಣಕಾಲುದ್ದದ ನೀರಿನಲ್ಲಿ ಆಡುತ್ತಿದ್ದಾಗ ಅಲೆಯೊಂದು ಅವಳನ್ನು ಉರುಳಿಸಿ ಎಳೆದುಕೊಂಡಿತು. ದಡದಲ್ಲಿ ನಾವು ನಾಲ್ವರು ದೊಡ್ಡವರಿದ್ದೆವು. ಎತ್ತಿ ತಂದವನು ಮಾತ್ರ ಮೈದುನನ 15 ವರ್ಷದ ಮಗ. ನನ್ನ ಯಜಮಾನರು, ‘ಒಂದು ಗುಟುಕು ಉಪ್ಪುನೀರು ಕುಡಿದಳು, ಅಷ್ಟೇ ತಾನೆ’ ಎಂದು ನಕ್ಕುಬಿಟ್ಟರು. ಅಂದಿನಿಂದ ಮಗಳು ತಲೆಗೆ ನೀರು ಹಾಕಿಸಿಕೊಳ್ಳುವುದಕ್ಕೂ ಹೆದರುತ್ತಾಳೆ. ಆದರೆ ಚಿಪ್ಪು ಆರಿಸಲು ಯಾವಾಗ ಹೋಗುವುದು ಎಂದೂ ಕೇಳುತ್ತಿರುತ್ತಾಳೆ. ಈ ಸಲ ಮೊದಲ ದಿನವೇ ಅವಳನ್ನು ಎತ್ತಿಕೊಂಡು ಹೋಗಿ ಅಲೆಗಳ ನಡುವೆ ನಿಲ್ಲಿಸಿ ಭಯ ಬಿಡಿಸುವುದಾಗಿ ಯಜಮಾನರು ಹೇಳುತ್ತಿದ್ದಾರೆ. ಬೇಡವೆಂದರೆ, ನನ್ನದು ಹಟ ಎನ್ನುತ್ತಾರೆ ಅತ್ತೆಯವರು. ಕಚೇರಿಯಲ್ಲಿ ರಜೆ ಸಿಗಲಿಲ್ಲವೆಂದು ಸುಳ್ಳು ಹೇಳಿ ಮಗಳೊಂದಿಗೆ ಮನೆಯಲ್ಲೇ ಉಳಿದುಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಲೆ ಬಂದದ್ದನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ದಡದಲ್ಲಿ ಎಷ್ಟು ಜನರಿದ್ದರು, ಯಾರು ಎತ್ತಿದರು, ಯಾರು ನಕ್ಕರು ಎಂಬುದನ್ನು ಮಾತ್ರ ಬಿಡಿಬಿಡಿಯಾಗಿ ಬರೆದಿದ್ದೀರಿ. ನಿಮ್ಮನ್ನು ಈಗಲೂ ಕೊರೆಯುತ್ತಿರುವುದು ಆ ನಗು ಮತ್ತು ಆ ನಾಲ್ವರಲ್ಲಿ ನೀವೂ ಒಬ್ಬರಾಗಿದ್ದಿರಿ ಎಂಬ ಸಂಗತಿ ಎಂದು ನನಗನ್ನಿಸುತ್ತದೆ. ರಜೆಯ ಸುಳ್ಳು ಈ ವರ್ಷದ ಮಟ್ಟಿಗೆ ನಡೆದೀತು, ಮುಂದಿನ ವಸಂತಕ್ಕೆ ಇನ್ನೊಂದು ಹುಡುಕಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಚಿಪ್ಪು ಆರಿಸಬೇಕೆನ್ನುವ ಮಗುವಿನ ಆಸೆಯೇ ಅವಳ ಭಯಕ್ಕೆ ಒಳ್ಳೆಯ ಔಷಧ. ಅದನ್ನು ನೀವೇ ಕಸಿದುಕೊಳ್ಳಬೇಡಿ. ಹೋಗಿ ಬನ್ನಿ, ಆದರೆ ಹೊರಡುವ ಮೊದಲು ಪತಿಯೊಂದಿಗೆ ಕುಳಿತು ಮಾತಾಡಿ.

ಮಾತಿಗೆ ಕೂರುವಾಗ ‘ನೀವು ನೋಡಿಕೊಳ್ಳಲಿಲ್ಲ’ ಎಂದು ಆರಂಭಿಸಿದರೆ ಅವರು ತಮ್ಮ ಸಮರ್ಥನೆಗೆ ಇಳಿಯುತ್ತಾರೆ, ಮಗಳ ವಿಷಯ ಅಲ್ಲಿಗೇ ನಿಲ್ಲುತ್ತದೆ. ‘ಅವತ್ತು ನಾವು ನಾಲ್ಕೂ ಜನ ಬೇರೆಯವರು ನೋಡುತ್ತಿದ್ದಾರೆ ಎಂದುಕೊಂಡಿದ್ದೆವು, ನಾನೂ ಹಾಗೆಯೇ ಅಂದುಕೊಂಡಿದ್ದೆ, ಅದು ನೆನಪಾದರೆ ಈಗಲೂ ನನಗೆ ಕೈ ನಡುಗುತ್ತದೆ’ ಎಂದು ಹೇಳಿ ನೋಡಿ. ನಿಮ್ಮ ಪತಿಯ ನಗುವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ತಾವೇ ಬೆಚ್ಚಿಬಿದ್ದಾಗ ನಕ್ಕು ಮುಚ್ಚಿಹಾಕುವ ಗಂಡಸರನ್ನು ನಾನು ಸಾಕಷ್ಟು ಕಂಡಿದ್ದೇನೆ. ಭಯ ಬಿಡಿಸಲು ಅವರಿಗಿರುವ ಅವಸರವೂ, ಆ ದಿನ ಏನೂ ಆಗಲಿಲ್ಲವೆಂದು ತಮಗೆ ತಾವೇ ಸಾಬೀತುಪಡಿಸಿಕೊಳ್ಳುವ ಅವಸರವಾಗಿರಬಹುದು.

ಆದರೂ ಅವರ ಯೋಜನೆ ತಪ್ಪು, ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. ಹೆದರಿದ ಮಗುವನ್ನು ಅದರ ಇಚ್ಛೆಗೆ ವಿರುದ್ಧವಾಗಿ ನೀರಿನ ನಡುವೆ ನಿಲ್ಲಿಸಿದರೆ ಅದಕ್ಕೆ ನೀರಿನ ಭಯದ ಜೊತೆಗೆ ಎತ್ತಿಕೊಂಡ ಕೈಯ ಭಯವೂ ಸೇರಿಕೊಳ್ಳುತ್ತದೆ. ವಸಂತ ಕಾಲದ ಸಮುದ್ರಕ್ಕೆ ಇನ್ನೂ ಒಂದು ಗುಣವಿದೆ. ನೀರು ನೆಲದಷ್ಟು ಬೇಗ ಕಾಯುವುದಿಲ್ಲವಾದ್ದರಿಂದ, ತಂಪು ಪ್ರದೇಶಗಳ ತೀರಗಳಲ್ಲಿ ಮೇಲೆ ಬಿಸಿಲು ಚುರುಕಾಗಿದ್ದರೂ ಕೆಳಗೆ ನೀರು ಚಳಿಗಾಲದ್ದೇ ಆಗಿರುತ್ತದೆ. ಅಂಥ ನೀರಿಗೆ ಥಟ್ಟನೆ ಇಳಿದಾಗ ದೇಹ ತಾನಾಗಿಯೇ ಒಮ್ಮೆ ಜೋರಾಗಿ ಉಸಿರೆಳೆದುಕೊಳ್ಳುತ್ತದೆ, ಆ ಕ್ಷಣದಲ್ಲಿ ಬಾಯಿಗೆ ಅಲೆ ಬಡಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಮೊಣಕಾಲುದ್ದದ ನೀರಿನಲ್ಲಿ ಏನಾದೀತು ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಲಿ. ಆ ಆಳ ನಿಮ್ಮ ಮೊಣಕಾಲಿನದೋ ಮಗುವಿನದೋ ಎಂಬುದು ಮೊದಲ ಮಾತು. ಮಗು ನಿಂತಲ್ಲಿ ಹಿಂದಿರುಗುವ ಅಲೆ ಅದರ ಹಿಮ್ಮಡಿಯ ಕೆಳಗಿನ ಮರಳನ್ನು ಕೊರೆದು ಒಯ್ಯುತ್ತದೆ. ಹಾಗೆ ಕಾಲು ಜಾರುತ್ತಿರುವಾಗಲೇ ಮುಂದಿನ ಅಲೆ ಎದೆಗೆ ಬಡಿಯುತ್ತದೆ. ಮುಳುಗುವ ಮಗು ಕೂಗುವುದೂ ಇಲ್ಲ, ಏಕೆಂದರೆ ಉಸಿರಿಗೇ ಬಾಯಿ ಸಾಲದಿರುವಾಗ ಕೂಗಿಗೆ ಉಸಿರೆಲ್ಲಿಂದ ಬರಬೇಕು? ‘ಕೂಗಿದರೆ ಕೇಳಿಸುತ್ತದೆ’ ಎಂದು ನೆಚ್ಚಿಕೊಂಡು ಮಾತಿಗೆ ಕೂತವರಿಗೆ ಏನೂ ಕೇಳಿಸದೇ ಹೋಗುವುದು ಹೀಗೆ.

ಆದ್ದರಿಂದ ಕಾವಲಿಗೆ ಸರದಿ ಮಾಡಿಕೊಳ್ಳಿ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಒಬ್ಬ ದೊಡ್ಡವರು, ಫೋನನ್ನು ಚೀಲದಲ್ಲಿಟ್ಟು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರದಲ್ಲಿ ನಿಂತಿರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಸರದಿ ಬದಲಾಗಲಿ. ಬದಲಾಗುವಾಗ ‘ಇನ್ನು ನಾನು ನೋಡುತ್ತೇನೆ’ ಎಂದು ಬರುವವರು ಬಾಯಿಬಿಟ್ಟು ಹೇಳಿದ ಮೇಲೆಯೇ ಇದ್ದವರು ಕಣ್ಣು ತೆಗೆಯಲಿ. ನಾಲ್ವರೂ ನೋಡುತ್ತಿದ್ದಾರೆ ಎನ್ನುವ ವ್ಯವಸ್ಥೆಯಲ್ಲಿ ಯಾರೂ ನೋಡುತ್ತಿರುವುದಿಲ್ಲ ಎಂಬುದನ್ನು ನಿಮ್ಮ ಮನೆಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಸಮಯ ಆರಿಸುವುದೂ ಮುಖ್ಯ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಈ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಅದರಲ್ಲೂ ಹಗಲು ರಾತ್ರಿ ಸಮವಾಗುವ ವಸಂತದ ದಿನಗಳ ಹತ್ತಿರ ಅದು ಇನ್ನಷ್ಟು ಹೆಚ್ಚುತ್ತದೆ. ಹೋದ ದಿನ ಒಣಮರಳಿನಲ್ಲಿ ಚಾಪೆ ಹಾಸಿದ ಜಾಗದಲ್ಲೇ ಮರುದಿನ ಅದೇ ಹೊತ್ತಿಗೆ ಚಪ್ಪಲಿಗಳು ತೇಲತೊಡಗಿದರೆ ಆಶ್ಚರ್ಯಪಡಬೇಕಾಗಿಲ್ಲ. ತಂಗುವ ಊರಿನ ಉಬ್ಬರ ಇಳಿತದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಂಡು, ಜೀವರಕ್ಷಕರು ಕೆಂಪು, ಹಳದಿ ಎರಡೂ ಬಣ್ಣಗಳಿರುವ ಬಾವುಟ ನೆಟ್ಟಿರುವ ಕಡೆ ಮಾತ್ರ ನೀರಿಗಿಳಿಯಿರಿ. ಸುತ್ತಲೂ ಅಲೆಗಳು ಒಡೆಯುತ್ತಿರುವಾಗ ನಡುವೆ ಒಂದು ಪಟ್ಟೆ ಮಾತ್ರ ಶಾಂತವಾಗಿ ಕಂಡರೆ ಮಕ್ಕಳಿಗೆ ಅದೇ ಸರಿಯಾದ ಜಾಗವೆಂದು ಮೋಸಹೋಗಬೇಡಿ. ದಡಕ್ಕೆ ಬಂದ ನೀರು ಸಮುದ್ರಕ್ಕೆ ಹಿಂದಿರುಗುವ ದಾರಿ ಅನೇಕ ಸಲ ಅದೇ ಆಗಿರುತ್ತದೆ, ಅದರ ಸೆಳೆತ ಒಳ್ಳೆಯ ಈಜುಗಾರರನ್ನೂ ಒಯ್ಯಬಲ್ಲದು.

ಇನ್ನು ಮಗಳ ವಿಷಯ. ಅದನ್ನು ಇವತ್ತೇ ಬಚ್ಚಲುಮನೆಯಲ್ಲಿ ಆರಂಭಿಸಿ. ತಲೆಗೆ ನೀರು ನೀವು ಹಾಕಬೇಡಿ. ತಂಬಿಗೆಯನ್ನು ಅವಳ ಕೈಗೇ ಕೊಡಿ. ಮೊದಲು ಭುಜಕ್ಕೆ, ನಾಲ್ಕಾರು ದಿನ ಬಿಟ್ಟು ಕತ್ತಿಗೆ, ಅವಳಿಗೆ ಬೇಕೆನಿಸಿದಾಗ ತಲೆಗೆ. ತೀರದಲ್ಲಿ ಮೊದಲ ದಿನ ಇಳಿತದ ಹೊತ್ತಿಗೆ ಅವಳನ್ನು ಚಿಪ್ಪು ಆರಿಸಲು ಕರೆದೊಯ್ಯುವವರು ಅವಳ ಅಪ್ಪನೇ ಆಗಿರಲಿ. ಅವರು ಅವಳಿಗೆ ಒಂದೇ ಒಂದು ಮಾತು ಕೊಟ್ಟರೆ ಸಾಕು: ‘ನೀನು ಸಾಕು ಅಂದ ಕೂಡಲೇ ಹಿಂದೆ ಬರೋಣ.’ ಅವಳು ಎರಡೇ ಹೆಜ್ಜೆಗೆ ಸಾಕು ಎನ್ನಬಹುದು. ಆಗ ನಗದೆ, ಪುಸಲಾಯಿಸದೆ, ಹಿಂದಿರುಗಬೇಕು. ಅಲೆಗಳಿಗೆ ಬೆನ್ನು ಮಾಡಿ ನಿಲ್ಲಬಾರದೆಂಬುದನ್ನು ಅವರೇ ಕಲಿಸಲಿ. ಐದು ದಿನಗಳಲ್ಲಿ ಅವಳ ಪಾದ ಮಾತ್ರ ನೆನೆದರೂ ರಜೆ ವ್ಯರ್ಥವಾಯಿತೆಂದು ಯಾರೂ ಎಣಿಸಬೇಕಾಗಿಲ್ಲ. ಅವಳು ರಾತ್ರಿ ಬೆಚ್ಚಿ ಏಳುತ್ತಿದ್ದರೆ ಅಥವಾ ಸ್ನಾನದ ಭಯ ಹೀಗೇ ಮುಂದುವರಿದರೆ ಮಕ್ಕಳ ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ.

ಅತ್ತೆಯವರ ಮಾತಿಗೆ ನೀವು ಉತ್ತರ ಕೊಡಲು ಹೋಗಬೇಡಿ. ‘ಈ ಸಲ ಹೀಗೆ ಮಾಡೋಣ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ’ ಎಂದು ಅವರ ಮಗನ ಬಾಯಿಂದ ಬಂದರೆ ಅದು ಹಟವೆನಿಸುವುದಿಲ್ಲ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ಅರ್ಧ ವಾಕ್ಯದಲ್ಲಿ ಬಂದುಹೋದ ಆ 15 ವರ್ಷದ ಹುಡುಗ. ನಾಲ್ವರು ದೊಡ್ಡವರು ಕುಳಿತಿರುವಾಗ ತಂಗಿಯನ್ನು ನೀರಿನಿಂದ ಎತ್ತಿ ತಂದವನು ಅವನು. ಅದನ್ನು ಹಿರಿಯರೊಬ್ಬರು ನಕ್ಕು ಮುಗಿಸಿದ್ದನ್ನೂ ಅವನು ನೋಡಿದ್ದಾನೆ. ಹೊರಡುವ ಮೊದಲು ಅವನನ್ನು ಕರೆದು, ಅವತ್ತು ಅವನಿಗೆ ಹೇಗನಿಸಿತೆಂದು ಕೇಳಿ, ಹೇಳದೇ ಉಳಿದಿರುವ ಕೃತಜ್ಞತೆಯನ್ನು ಗಂಡ ಹೆಂಡತಿ ಇಬ್ಬರೂ ಹೇಳಿ. ಕಾವಲಿನ ಸರದಿಯಲ್ಲಿ ಅವನ ಹೆಸರು ಬರೆಯಬೇಡಿ. ಈ ಸಲ ಅವನೂ ನಿಶ್ಚಿಂತೆಯಿಂದ ಆಡಲಿ.