ಮಿಲಾನ್‌ನಲ್ಲಿ, ಇಟಲಿಯ ಸಾರ್ಡೀನಿಯಾ ದ್ವೀಪದ ಶೈಲಿಯ ಮೀನೂಟದ ಹೋಟೆಲಿನಲ್ಲಿ ಮೊದಲ ಸಲ ಏನು ತಗೊಳ್ಳಬೇಕು? ಬಿಲ್ ಜಾಸ್ತಿ ಆಗುತ್ತಾ?

ಕಣ್ಣು ಮುಚ್ಚಿ ಫ್ರೆಗೊಲಾ ಹೇಳಿ. ರವೆಗೆ ನೀರು ಚಿಮುಕಿಸಿ, ಕೈಯಲ್ಲಿ ತಿರುವಿ ಪುಟ್ಟ ಉಂಡೆ ಮಾಡಿ, ಹುರಿದ ಪಾಸ್ತಾ ಅದು. ನೋಡೋಕೆ ಕೆಂಪಗೆ ಹುರಿದ ಸಬ್ಬಕ್ಕಿ ಥರ. ಮರುವಾಯಿಯಂಥ ಸಣ್ಣ ಚಿಪ್ಪಿನ ಜೊತೆ ಬೇಯಿಸುತ್ತಾರೆ. ತಟ್ಟೆಯಲ್ಲಿ ಉಳಿದ ರಸಕ್ಕೆ ಬ್ರೆಡ್ ಅದ್ದಿ ತಿನ್ನಿ, ಯಾರೂ ಏನೂ ಅನ್ನಲ್ಲ. ಹಪ್ಪಳದಷ್ಟು ತೆಳ್ಳಗಿನ ಕರಾಸೌ ರೊಟ್ಟಿಯೂ ಮೇಜಿನ ಮೇಲೆ ಇರಬಹುದು.

ಬೊಟ್ಟಾರ್ಗಾ ಅಂದರೆ ಉಪ್ಪು ಹಾಕಿ ಒಣಗಿಸಿದ ಮೀನಿನ ಮೊಟ್ಟೆ. ಸ್ಪಗೆಟ್ಟಿ ಮೇಲೆ ತುರಿದು ಹಾಕುತ್ತಾರೆ. ಅದರಲ್ಲೇ ಉಪ್ಪು ಬೇಕಾದಷ್ಟಿದೆ, ಚೀಸ್ ಕೇಳಬೇಡಿ.

ಬಿಲ್ ಏರೋದು ಇಡೀ ಮೀನಿನಲ್ಲಿ. ಮೆನುವಿನಲ್ಲಿ ‘ಎತ್ತೊ’ ಅಂತಿದ್ದರೆ ಅದು 100 ಗ್ರಾಂ ಬೆಲೆ. 800 ಗ್ರಾಂ ಮೀನಿಗೆ ಎಂಟು ಪಟ್ಟು! ತೂಕ ಮೊದಲೇ ಕೇಳಿ. ‘ಕೊಪೆರ್ತೊ’ ಅಂತ ತಲೆಗಿಷ್ಟು ಸೇರಿಸಿದರೆ ಗಾಬರಿ ಬೇಡ, ಅಲ್ಲಿ ಅದು ಮಾಮೂಲು.

ಕೊನೆಗೆ ಸೆಯಾಡಾಸ್: ಒಳಗೆ ಚೀಸ್, ಮೇಲೆ ಜೇನು, ಎಣ್ಣೆಯಲ್ಲಿ ಕರಿದದ್ದು. ಬಿಸಿಯಿದ್ದಾಗಲೇ ತಿನ್ನಿ.